ಒಂದು ತೆನೆಗೂ ಹಬ್ಬ
(ಮಾತೆ ಮರಿಯಮ್ಮನವರ ಜನ್ಮೋತ್ಸವದ ಪ್ರಬೋಧನೆ)



ಸೆಪ್ಟೆಂಬರ್ 8 ತೆನೆ ಹಬ್ಬ. ಕರಾವಳಿಯವರು ಭತ್ತದ ತೆನೆ ತರುತ್ತಾರೆ. ನಾರಾಯಣಪುರ ಕಾಲುವೆಯ ನೀರು ಕುಡಿಯುವ ನಮ್ಮ ಶಹಾಪುರ, ಸುರಪುರದ ಭತ್ತಕ್ಕೆ ಈ ಹೊತ್ತಿಗೆ ತೆನೆಯ ಸುಳಿವಿಲ್ಲ. ಹತ್ತಿ ಒಡೆದಿಲ್ಲ, ತೊಗರಿ ಇನ್ನೂ ಹಸಿರು. ನಮಗೆ ಸಜ್ಜೆಯ ತೆನೆಯೇ ಗತಿ. ಅದೇನೂ ಕಡಿಮೆಯಲ್ಲ. ರಾಶಿ ಅಳೆದು, ಸಾಲ ತೀರಿದ ಮೇಲೆ ಹಬ್ಬ ಮಾಡೋಣವೆಂದು ನಾವು ಕಾಯುವುದಿಲ್ಲವಲ್ಲ! ಈ ರೂಢಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇಂದು ಚಟ ಬಿಡಿಸುವ ಬಗ್ಗೆ ಮಾತನಾಡೋಣ.

ಯಾದಗಿರಿ ರೈಲು ನಿಲ್ದಾಣದಿಂದ ಹಳ್ಳಿಯ ಚಿಕ್ಕ ಅಂಗಡಿಯವರೆಗೆ ಪಾನ್ ಮಸಾಲೆಯ ಪೊಟ್ಟಣಗಳು ತೋರಣದಂತೆ ತೂಗುತ್ತವೆ. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲೇ ನಿಷೇಧವಾಯಿತು. ಆಮೇಲೆ ಅಡಿಕೆಯದೊಂದು ಪೊಟ್ಟಣ, ತಂಬಾಕಿನದೊಂದು ಪೊಟ್ಟಣ ಬಂತು. ಎರಡನ್ನೂ ಅಂಗೈಯಲ್ಲಿ ಬೆರೆಸಿದರೆ ಮತ್ತೆ ಗುಟ್ಕಾ. ತಂಬಾಕಿನ ನಿಕೋಟಿನ್ ಉತ್ತೇಜಕ ವಸ್ತು. ಹಸಿವನ್ನು ಅಡಗಿಸುತ್ತದೆ, ನಿದ್ದೆಯನ್ನು ದೂಡುತ್ತದೆ. ಬಿಸಿಲಲ್ಲಿ ಹತ್ತಿ ಬಿಡಿಸುವ ತಾಯಂದಿರೂ, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ ಮಕ್ಕಳೂ ಸುಮ್ಮನೆ ಅದಕ್ಕೆ ಅಂಟಿಕೊಂಡವರಲ್ಲ. ನಗರದಲ್ಲಿ ಇದಕ್ಕಿಂತ ಭಯಂಕರವಾದ ಉತ್ತೇಜಕ ಪುಡಿ, ಮಾತ್ರೆಗಳೂ ಕಾದಿರುತ್ತವೆ.

ಮನೆಯವರು ಬೈಯುತ್ತಾರೆ, ಆಣೆ ಹಾಕಿಸುತ್ತಾರೆ. ಆಣೆ ಮೂರು ದಿನ ನಿಲ್ಲುತ್ತದೆ. ಏಕೆ? ಪೊಟ್ಟಣದ ಸುಖ ಒಂದು ನಿಮಿಷದಲ್ಲಿ ಸಿಗುತ್ತದೆ, ಬಾಯಿಯ ಕ್ಯಾನ್ಸರ್ ಇಪ್ಪತ್ತು ವರ್ಷದ ಆಚೆ ಇದೆ. ಇಂದಿನ ಸುಖದ ಎದುರು ಅಂದಿನ ಭಯ ಸೋಲುತ್ತದೆ.

1990ರ ದಶಕದ ಆರಂಭದಲ್ಲಿ ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಸ್ಟೀಫನ್ ಹಿಗ್ಗಿನ್ಸ್ ತಕ್ಕಡಿಯ ಈ ಇನ್ನೊಂದು ತಟ್ಟೆಗೆ ಏನಾದರೂ ಹಾಕಬೇಕೆಂದರು. ಕೊಕೇನ್ ಚಟದವರ ಮೂತ್ರ ಪರೀಕ್ಷೆಯಲ್ಲಿ ಮಾದಕದ ಅಂಶ ಇಲ್ಲವೆಂದರೆ ಆಗಲೇ ಒಂದು ಕೂಪನ್. ಸಾಲಾಗಿ ಇಲ್ಲದಿದ್ದರೆ ಅದರ ಬೆಲೆ ಏರುತ್ತದೆ. ಜಾರಿದರೆ ಮತ್ತೆ ಮೊದಲಿನಿಂದ. ಬೈಗುಳವಿಲ್ಲ. ಕೊಕೇನ್, ಮೆಥ್ ಚಟ ಬಿಡಿಸಲೆಂದೇ ಮಾನ್ಯವಾದ ಔಷಧಿ ಇಂದಿಗೂ ಇಲ್ಲ. ಈ ಸಣ್ಣ ಬಹುಮಾನವೇ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದೆ. 2023ರಲ್ಲಿ ಕ್ಯಾಲಿಫೋರ್ನಿಯ ರಾಜ್ಯ ಬಡವರ ಸರಕಾರಿ ಆರೋಗ್ಯ ವಿಮೆಯಲ್ಲೇ ಇದನ್ನು ಆರಂಭಿಸಿತು.

ನಮಗೆ ಹೆಚ್ಚು ಹತ್ತಿರದ್ದು ಥಾಯ್ಲೆಂಡಿನ ಹಳ್ಳಿಗಳ ಪ್ರಯೋಗ. ಧೂಮಪಾನಿಗಳನ್ನು ಇಬ್ಬಿಬ್ಬರಾಗಿ ಜೋಡಿ ಮಾಡಿದರು. ಮೂರು ತಿಂಗಳಾದ ಮೇಲೆ ಇಬ್ಬರೂ ಬಿಟ್ಟಿದ್ದರೆ ಮಾತ್ರ ಬಹುಮಾನದ ಹಣ. ಆರು ತಿಂಗಳಿಗೆ ಜೋಡಿಯಾದವರಲ್ಲಿ ನೂರಕ್ಕೆ ಸುಮಾರು 44 ಮಂದಿ ಬಿಟ್ಟಿದ್ದರು. ಬರೀ ಸಲಹೆ ಪಡೆದವರಲ್ಲಿ 19. ಒಂದು ವರ್ಷ ದಾಟಿದಾಗ ಅಂತರ ತುಸು ತಗ್ಗಿತು, ನಿಜ. ಆದರೂ ಗೆಳೆಯನ ಕಣ್ಣಿಗಿರುವ ಬಲ ಉಪದೇಶಕ್ಕಿಲ್ಲ. ಪ್ರಬೋಧನೆಗೂ ಇಲ್ಲವೆನ್ನಿ!

ಇಷ್ಟು ಹೇಳುವಾಗಲೇ ಯಾರೋ ಗೊಣಗುವುದು ಕೇಳಿಸುತ್ತದೆ: "ನನ್ನ ಮಗ ಒಮ್ಮೆಯೂ ಮುಟ್ಟಿಲ್ಲ, ಅವನಿಗೇನೂ ಇಲ್ಲ, ಕುಡುಕ, ಚಟಗಾರರಿಗೆ ಬಹುಮಾನವೇ?" ದುಂದುಗಾರ ಮಗನ ಸಾಮತಿಯಲ್ಲಿ ಅಣ್ಣನ ದೂರೂ ಇದೇ ಅಲ್ಲವೇ? ತನಗೆ ಒಂದು ಮೇಕೆಮರಿಯೂ ಸಿಗಲಿಲ್ಲವೆಂದು ಅವನು ಹೊರಗೇ ನಿಂತ. ಅವನ ದೂರು ಸುಳ್ಳಲ್ಲ. ಅದಕ್ಕೇ ತಂದೆ ಅವನನ್ನು ಗದರಲಿಲ್ಲ, ಹೊರಗೆ ಬಂದು ಬೇಡಿಕೊಂಡ. ಆದರೆ ತಮ್ಮನನ್ನು ಒಂದು ವರ್ಷ ಪರೀಕ್ಷಿಸಿ ಆಮೇಲೆ ಔತಣ ಮಾಡೋಣವೆಂದು ಕಾಯಲೂ ಇಲ್ಲ. ಬಂದ ದಿನವೇ ಉಂಗುರ, ಬಂದ ದಿನವೇ ಕೆರ.

ನಮ್ಮ ಧರ್ಮಕೇಂದ್ರಗಳಲ್ಲಿ ಮಹಿಳಾ ಸಂಘಗಳಿವೆ, ಪ್ರತಿ ವಾರ ಉಳಿತಾಯದ ಪುಸ್ತಕ ತೆರೆಯುವ ರೂಢಿಯಿದೆ. ಅದೇ ದಿನ ಇಬ್ಬಿಬ್ಬರ ಜೋಡಿಯ ಲೆಕ್ಕವನ್ನೂ ಬರೆಯಬಹುದು. ಪೂರ್ತಿ ಬಿಟ್ಟವರಿಗೆ ಮಾತ್ರವೆಂಬ ಹಟ ಬೇಡ. ಹತ್ತು ಪೊಟ್ಟಣ ನಾಲ್ಕಕ್ಕೆ ಇಳಿದರೂ ಬರೆಯೋಣ; ಬಾಯಿ ತೋರಿಸಲು ಆಸ್ಪತ್ರೆಗೆ ಹೋಗಿಬಂದರೂ ಬರೆಯೋಣ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಮಾಯದ ಹುಣ್ಣು, ಮೂರು ಬೆರಳು ಹಿಡಿಸದಷ್ಟು ಬಾಯಿ ಬಿಗಿದುಕೊಳ್ಳುವುದು, ಇವುಗಳಲ್ಲಿ ಯಾವುದಿದ್ದರೂ ಮುಂದಿನ ವಾರಕ್ಕೆ ಕಾಯಬಾರದು. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಉಚಿತ ದೂರವಾಣಿ 1800-11-2356.

ಬಹುಮಾನ ದೊಡ್ಡದಾಗಬೇಕಿಲ್ಲ, ಕೈಗೆ ನಗದು ಕೊಡುವುದೂ ಬೇಡ. ಒಂದು ಸಾಬೂನು, ಅರ್ಧ ಕಿಲೊ ಸಕ್ಕರೆ, ಮಗುವಿಗೊಂದು ನೋಟ್‌ಬುಕ್ ಸಾಕು. ಗುರುಗಳೇ ಕೊಡಬೇಕೆಂದೇನಿಲ್ಲ. ಮೂರನೆಯ ದಿನದ ತಲೆನೋವು, ಸಿಡುಕು ಹೇಗಿರುತ್ತದೆಂದು ಬಲ್ಲವರು, ತಾವೂ ಬಿಟ್ಟವರು, ಅದೇ ಸಂಜೆ ಹೆಸರು ಹಿಡಿದು ಕರೆದು ಕೊಡಲಿ.