ಹೃದಯದ ಹಸ್ತಪ್ರತಿ



ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹೋದವನಿಗೆ ಹೃದಯದ ಚಿಂತೆ ಅಂಟಿಕೊಂಡ ಕಥೆಯನ್ನು ಇಂದು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ. ವೈದ್ಯಶಾಸ್ತ್ರದಲ್ಲಿ ನನಗೆ ಯಾವ ಅಧಿಕಾರವೂ ಇಲ್ಲ. 34 ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಆದರೆ 15 ವರ್ಷಗಳಿಂದ ಸಕ್ಕರೆ ಕಾಯಿಲೆಯೊಡನೆ ಸಂಸಾರ ಮಾಡುತ್ತಿದ್ದೇನೆ. ಆ ಅನುಭವವೇ ಈ ಮಾತುಗಳಿಗೆ ಬಂಡವಾಳ.

2023ರ ಕಾರ್ತಿಕ ಮಾಸ. ಶಸ್ತ್ರಚಿಕಿತ್ಸೆಗೆ ಮುಂಚೆ ವಾಡಿಕೆಯಂತೆ ಇಸಿಜಿ ತೆಗೆದರು. ಯಂತ್ರದಿಂದ ಹೊರಬಂದ ಗುಲಾಬಿ ಬಣ್ಣದ ಹಾಳೆಯ ನೆತ್ತಿಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಅಚ್ಚಾಗಿತ್ತು. ‘ಅಸಹಜ’ ಎಂಬುದು ಅದರ ತಾತ್ಪರ್ಯ. ಯಂತ್ರ ನಡೆಸುತ್ತಿದ್ದ ಹುಡುಗ ತಲೆಯೆತ್ತದೆ, “ಹಾರ್ಟ್ ಡಾಕ್ಟರಿಗೆ ತೋರಿಸಿ ಬನ್ನಿ ಸರ್” ಎಂದ. ನಾನು ಮನೆಗೆ ಬಂದು ಆ ಹಾಳೆಯನ್ನು ನಾಲ್ಕಾಗಿ ಮಡಿಸಿ, ಪರಿಷತ್ತಿನ ನಿಘಂಟಿನ ಸಂಪುಟವೊಂದರ ನಡುವೆ ಇಟ್ಟೆ. ಯಂತ್ರ ಕೆಟ್ಟಿತ್ತಂತೆ ಎಂದು ಮನೆಯವರಿಗೆ ಸುಳ್ಳು ಹೇಳಿದೆ.

ಹನ್ನೊಂದು ದಿನ ಆ ಹಾಳೆ ಅಲ್ಲಿಯೇ ಇದ್ದಿತು. ನನ್ನ ತರ್ಕ ಬಹಳ ಸರಳವಾಗಿತ್ತು: ಹೃದಯಕ್ಕೆ ರೋಗ ಬಂದರೆ ಎದೆ ನೋಯಬೇಕು, ನನಗೆ ನೋವಿಲ್ಲ, ಆದುದರಿಂದ ರೋಗವಿಲ್ಲ. ಹನ್ನೆರಡನೆಯ ದಿನ ಕಪಾಟಿನ ಧೂಳು ಒರೆಸುತ್ತಿದ್ದ ನನ್ನ ಹೆಂಡತಿಯ ಕೈಗೆ ಹಾಳೆ ಸಿಕ್ಕಿತು. “ರೀ, ಇದೇನಿದು?” ಎಂದಳು. ನಾನು ಸುಮ್ಮನಿದ್ದೆ. ಅವಳೂ ಹೆಚ್ಚು ಮಾತನಾಡಲಿಲ್ಲ. ಫೋನು ಮಾಡಿ ವೈದ್ಯರ ಸಮಯ ಗೊತ್ತುಮಾಡಿದಳು.

ಆ ವೈದ್ಯೆ ನಾನಿದ್ದ ಕಾಲೇಜಿನಲ್ಲಿಯೇ ಪಿಯುಸಿ ಓದಿದವರು. ಹಾಳೆಯನ್ನು ನೋಡಿ ಅವರು ಕೇಳಿದ ಮೊದಲ ಪ್ರಶ್ನೆ ನನ್ನನ್ನು ಬೆರಗುಗೊಳಿಸಿತು. “ಮೇಷ್ಟ್ರೇ, ಹಳೆಯ ಇಸಿಜಿ ಏನಾದರೂ ಇದೆಯೆ?”

ಇದು ನನ್ನ ಕಸುಬಿನ ಪ್ರಶ್ನೆ! ಒಂದು ಓಲೆಗರಿಯಲ್ಲಿ ವಿಚಿತ್ರವಾದ ಪಾಠ ಕಂಡಿತೆಂದು ಕವಿ ಹಾಗೆಯೇ ಬರೆದನೆಂದು ಯಾವ ಸಂಪಾದಕನೂ ತೀರ್ಮಾನಿಸುವುದಿಲ್ಲ. ಲಿಪಿಕಾರನ ಕೈತಪ್ಪೋ, ಹುಳು ತಿಂದ ಗುರುತೋ, ನಿಜವಾದ ಪಾಠವೋ ಎಂದು ತಿಳಿಯಲು ಇನ್ನೊಂದು ಪ್ರತಿಯನ್ನು ಹುಡುಕುತ್ತಾನೆ. ಇದೇ ವಿವೇಕ ನನ್ನ ಎದೆಯ ಬರೆಹಕ್ಕೂ ಬೇಕೆಂದು ನನಗೆ ಹೊಳೆದಿರಲಿಲ್ಲ.

ಈ ಬರೆಹದ ವ್ಯಾಕರಣವನ್ನು ಕಟ್ಟಿಕೊಟ್ಟವನು ಹಾಲೆಂಡಿನ ಲೈಡನ್ ನಗರದ ವಿಲ್ಲೆಮ್ ಐಂತೋವೆನ್. ರೋಗಿಯ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಸಿ ಅವನು ಹೃದಯದ ವಿದ್ಯುತ್ತನ್ನು ಅಳೆದ. 1924ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು. ಅಲೆಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂಬ ಹೆಸರುಗಳು ಅವನಿಟ್ಟವೇ. ಇಂದು ಮೈಗೆ ಹತ್ತು ಕಡೆ ತಂತಿ ಅಂಟಿಸಿ, ಒಂದೇ ಹೃದಯವನ್ನು ಹನ್ನೆರಡು ದಿಕ್ಕುಗಳಿಂದ ಓದುತ್ತಾರೆ. ಹಾಳೆ ಸಾಮಾನ್ಯವಾಗಿ ಸೆಕೆಂಡಿಗೆ 25 ಮಿಲಿಮೀಟರಿನಂತೆ ಓಡುತ್ತದೆ. ಹಾಗಾಗಿ ಅದರ ಒಂದು ಚಿಕ್ಕ ಚೌಕವೆಂದರೆ ಸೆಕೆಂಡಿನ 25ನೆಯ ಒಂದು ಪಾಲು.

ನನ್ನ ಹಾಳೆಯಲ್ಲಿ ಕೆಲವು ಕಡೆ ಟಿ ಅಲೆ ಮೇಲೇಳುವ ಬದಲು ತಲೆಕೆಳಗಾಗಿತ್ತು. ಹೃದಯದ ಸ್ನಾಯುವಿಗೆ ರಕ್ತ ಸಾಲದೆ ಹೀಗಾಗಬಹುದು. ಬಹುಕಾಲದ ರಕ್ತದೊತ್ತಡದಿಂದ ಹೃದಯದ ಗೋಡೆ ದಪ್ಪವಾಗಿಯೂ ಆಗಬಹುದು. ರಕ್ತದಲ್ಲಿ ಪೊಟ್ಯಾಸಿಯಂ ಏರುಪೇರಾದರೂ ಅಲೆಗಳ ಆಕಾರ ಕೆಡುತ್ತದೆ. ನಮ್ಮಂಥವರಿಗೆ ಈ ಮಾತು ಮುಖ್ಯ. ಏಕೆಂದರೆ ಇನ್ಸುಲಿನ್ನು ಪೊಟ್ಯಾಸಿಯಮ್ಮನ್ನು ಜೀವಕೋಶದೊಳಕ್ಕೆ ತಳ್ಳುತ್ತದೆ, ದಣಿದ ಮೂತ್ರಪಿಂಡವೂ ಕೆಲವು ರಕ್ತದೊತ್ತಡದ ಮಾತ್ರೆಗಳೂ ಅದನ್ನು ರಕ್ತದಲ್ಲಿ ಉಳಿಸುತ್ತವೆ. ಇನ್ನು ತಂತಿಯನ್ನು ಒಂದು ಪಕ್ಕೆಲುಬು ಮೇಲೆ ಅಂಟಿಸಿದರೂ ಬರೆಹ ಬದಲಾದೀತು. ಇದೇ ಲಿಪಿಕಾರನ ಕೈತಪ್ಪು. ನಮ್ಮ ಬೀದಿಯ ಗೆಳೆಯರೊಬ್ಬರು ಯಂತ್ರ ಅಚ್ಚುಮಾಡಿದ ‘ಅಸಹಜ’ವೆಂಬ ಒಂದು ಮಾತಿಗೆ ಹೆದರಿ ಮೂರು ವಾರ ವಾಕಿಂಗ್ ಬಿಟ್ಟು ಮಂಚ ಹಿಡಿದಿದ್ದರು. ಇನ್ನೊಮ್ಮೆ ಸರಿಯಾಗಿ ತೆಗೆದಾಗ ಏನೂ ಇರಲಿಲ್ಲ. ಯಂತ್ರ ಅಲೆಗಳನ್ನು ಅಳೆದು ನಿಯಮದೊಡನೆ ಹೋಲಿಸುತ್ತದೆಯೇ ಹೊರತು ಮನುಷ್ಯನ ಪೂರ್ವಕಥೆಯನ್ನು ಕೇಳುವುದಿಲ್ಲ.

ಇಷ್ಟು ಕೇಳಿದ ಮೇಲೆ ನನಗೆ ಧೈರ್ಯ ಬಂದಿತು. “ನನಗಂತೂ ಎದೆನೋವೇ ಇಲ್ಲವಲ್ಲಮ್ಮ” ಎಂದೆ. ಆಕೆ ಅದಕ್ಕೆ ಉತ್ತರ ಹೇಳದೆ, “ಮೇಷ್ಟ್ರೇ, ಎಂದಾದರೂ ಚಪ್ಪಲಿ ಕಾಲಿನಿಂದ ಜಾರಿದ್ದು ತಿಳಿಯದೆ ಮುಂದೆ ನಡೆದಿದ್ದೀರಾ?” ಎಂದರು. ನಡೆದಿದ್ದೆ. ಎರಡು ಬಾರಿ. ಒಮ್ಮೆ ಹಾಲಿನವನೇ ಹಿಂದಿನಿಂದ ಕೂಗಿ ನನ್ನ ಹವಾಯಿ ಚಪ್ಪಲಿಯನ್ನು ತಂದುಕೊಟ್ಟಿದ್ದ. ಅದನ್ನು ಮನೆಯಲ್ಲಿ ತಮಾಷೆಯಾಗಿ ಹೇಳಿಕೊಂಡು ನಕ್ಕಿದ್ದೆವು.

ಆಕೆ ನಗಲಿಲ್ಲ. ವರ್ಷಗಟ್ಟಲೆ ಏರಿದ ಸಕ್ಕರೆ ಪಾದದ ನರಗಳನ್ನು ಮಂಕುಗೊಳಿಸುವಂತೆಯೇ ಹೃದಯದ ನೋವನ್ನು ಹೊತ್ತು ತರುವ ನರಗಳನ್ನೂ ಮಂಕುಗೊಳಿಸಬಹುದಂತೆ. ಆಗ ರಕ್ತದ ಕೊರತೆ ಇದ್ದರೂ ದೂರು ಬರುವುದಿಲ್ಲ. ಬಂದರೂ ವೇಷ ಮರೆಸಿಕೊಂಡು ಬರುತ್ತದೆ. ಮೆಟ್ಟಿಲು ಹತ್ತುವಾಗ ಹೊಸದಾಗಿ ಕಾಣಿಸಿಕೊಂಡ ಏದುಸಿರು, ಕಾರಣವಿಲ್ಲದ ಬೆವರು, ವಾಕರಿಕೆ, ಹೊಟ್ಟೆಯ ಮೇಲ್ಭಾಗದ ಸಂಕಟ, ಹಿಂದೆಂದೂ ಇಲ್ಲದ ಸುಸ್ತು. ಇಂಥವು ಥಟ್ಟನೆ ಬಂದು ನಿಲ್ಲದಿದ್ದರೆ ‘ಗ್ಯಾಸು’ ಎಂದು ಸೋಡಾ ಕುಡಿಯುತ್ತ ಕೂರದೆ 108ಕ್ಕೆ ಫೋನು ಮಾಡಬೇಕು. ಬೆವರು ಸಕ್ಕರೆ ಇಳಿದಾಗಲೂ ಬರುತ್ತದೆ. ಕೈಯಲ್ಲಿ ಗ್ಲೂಕೋಮೀಟರ್ ಇದ್ದರೆ ನೋಡಿಕೊಳ್ಳಿ, ಆದರೆ ಅದಕ್ಕಾಗಿ ಫೋನನ್ನು ತಡಮಾಡಬೇಡಿ. ನಾನು ನೆಚ್ಚಿಕೊಂಡಿದ್ದ ‘ನೋವಿಲ್ಲ’ ಎಂಬ ಸಾಕ್ಷಿ ಹೀಗೆ ಕಟಕಟೆಯಿಂದ ಇಳಿದುಹೋಯಿತು.

ಹಳೆಯ ಪ್ರತಿ ಸಿಕ್ಕಿತು. 2017ರಲ್ಲಿ ಹರ್ನಿಯಾ ಶಸ್ತ್ರಚಿಕಿತ್ಸೆಗೆ ಮುಂಚೆ ತೆಗೆದದ್ದು. ಅದರಲ್ಲಿ ಟಿ ಅಲೆಗಳು ನೆಟ್ಟಗಿದ್ದವು. ಎಂದರೆ ಈ ಪಾಠಾಂತರ ಹೊಸದು. ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಸರಿಯಾಗಿತ್ತು. ಎಕೋ ಪರೀಕ್ಷೆಯಲ್ಲಿ ಹೃದಯದ ಬಡಿತದ ಬಲ ಸಹಜವೆಂದು ಕಂಡಿತು. ಹಾಗೆಂದು ಅಲ್ಲಿಗೇ ಬಿಡಲಿಲ್ಲ. ಕುಳಿತಿರುವ ಹೃದಯಕ್ಕೆ ಸಾಲುವ ರಕ್ತ ದುಡಿಯುವ ಹೃದಯಕ್ಕೆ ಸಾಲದಿರಬಹುದು. ಮಲಗಿದ್ದಾಗ ತೆಗೆದ ಇಸಿಜಿ ಚೆನ್ನಾಗಿಯೇ ಇದ್ದು ಒಳಗೆ ರಕ್ತನಾಳ ಕಿರಿದಾಗಿರುವುದೂ ಉಂಟು.

ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಮೂರು ಮೂರು ನಿಮಿಷಕ್ಕೊಮ್ಮೆ ವೇಗವೂ ಏರೂ ಹೆಚ್ಚುತ್ತವೆ. ಬರಿಹೊಟ್ಟೆಯಲ್ಲಿ ಬರಬೇಕೆ, ಅಂದಿನ ಮಾತ್ರೆ ಇನ್ಸುಲಿನ್ನುಗಳನ್ನು ಏನು ಮಾಡಬೇಕು ಎಂಬುದನ್ನು ಸಕ್ಕರೆಯವರು ಮುಂದಾಗಿಯೇ ಕೇಳಿಕೊಳ್ಳಬೇಕು. ಇಲ್ಲದಿದ್ದರೆ ಯಂತ್ರದ ಮೇಲೆಯೇ ಸಕ್ಕರೆ ಇಳಿದೀತು. ಏಳನೆಯ ನಿಮಿಷದಲ್ಲಿ ನನಗೆ ಏದುಸಿರು ಬಂದಿತು, ನೋವು ಬರಲಿಲ್ಲ. ಆದರೆ ಪರದೆಯ ಮೇಲೆ ಎಸ್ ಮತ್ತು ಟಿ ನಡುವಣ ಗೆರೆ ತಗ್ಗಿಹೋಗಿತ್ತು. ವೈದ್ಯೆ ಯಂತ್ರವನ್ನು ನಿಲ್ಲಿಸಿದರು. ಈ ಪರೀಕ್ಷೆಯೂ ಒಮ್ಮೊಮ್ಮೆ ಸುಳ್ಳು ಹೇಳುತ್ತದೆ, ಆದರೆ ನಿಮ್ಮ ವಯಸ್ಸು, ಸಕ್ಕರೆ, ಹೊಸದಾಗಿ ಕೆಟ್ಟ ಅಲೆ ಎಲ್ಲವನ್ನೂ ಕೂಡಿಸಿ ನೋಡಿದರೆ ಸುಳ್ಳೆನ್ನುವಂತಿಲ್ಲ ಎಂದರು.

ಆಂಜಿಯೋಗ್ರಾಂ ಆಯಿತು. ಅದಕ್ಕೆ ಮುಂಚೆ ಮೂತ್ರಪಿಂಡದ ಪರೀಕ್ಷೆ ಮಾಡಿಸಿ, ಮೆಟ್‌ಫಾರ್ಮಿನ್ ಮಾತ್ರೆಯನ್ನು ಕೆಲವು ದಿನ ನಿಲ್ಲಿಸಿದ್ದರು. ನಾವಾಗಿಯೇ ಹಾಗೆ ನಿಲ್ಲಿಸತಕ್ಕದ್ದಲ್ಲ. ಒಂದು ರಕ್ತನಾಳ ಒಂದು ಕಡೆ ಕಿರಿದಾಗಿತ್ತು. ನನ್ನ ಮಟ್ಟಿಗೆ ಸದ್ಯಕ್ಕೆ ಮಾತ್ರೆ, ಪಥ್ಯ, ನಡಿಗೆ ಇಷ್ಟೇ ಸಾಕೆಂದರು. ಬೇರೆಯವರಿಗೆ ಸ್ಟೆಂಟೋ ಶಸ್ತ್ರಚಿಕಿತ್ಸೆಯೋ ಬೇಕಾದೀತು. ಮರುವರ್ಷ ಎರಡು ಕಣ್ಣುಗಳ ಪೊರೆಯನ್ನೂ ತೆಗೆಸಿಕೊಂಡೆ. ಹೆಂಡತಿ ಈಗಲೂ ಆ ಹನ್ನೊಂದು ದಿನಗಳ ಮಾತೆತ್ತುವುದಿಲ್ಲ. ಎತ್ತಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಕೊನೆಗೆ ಒಂದು ಮಾತು. ಆ 2017ರ ಹಾಳೆ ಸಿಕ್ಕಿತೆಂದೆನಲ್ಲ, ಅದು ಸಿಕ್ಕಿದ್ದು ಹೆಚ್ಚುಕಡಿಮೆ ಅಳಿಸಿಹೋದ ಸ್ಥಿತಿಯಲ್ಲಿ. ಬಹಳಷ್ಟು ಇಸಿಜಿ ಹಾಳೆಗಳ ಮೇಲಿನ ಬರೆಹ ಶಾಯಿಯದಲ್ಲ, ಶಾಖದ್ದು. ವರ್ಷಗಳು ಕಳೆದಂತೆ ಮಾಸುತ್ತದೆ. ವೈದ್ಯೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ನಾವು ಓಲೆಗರಿಗೆ ಮಸಿ ಸವರಿ ಓದುತ್ತಿದ್ದಷ್ಟೇ ತಾಳ್ಮೆಯಿಂದ ಓದಿದರು. ಈಗ ಪ್ರತಿಯೊಂದು ಹಾಳೆಯನ್ನೂ ತೆಗೆದ ದಿನವೇ ಜೆರಾಕ್ಸ್ ಮಾಡಿಸಿ, ತಾರೀಖು ಬರೆದು ಕಡತದಲ್ಲಿ ಇಡುತ್ತೇನೆ. ಕಡತ ಇರುವ ಜಾಗ ಮನೆಯವರಿಗೂ ಗೊತ್ತು.