ಲಾಡಿಹುಳು: ಅದರ ಕುಲಗೋತ್ರ ಮತ್ತು ನಮ್ಮ ಮನೆ, ಕೊಟ್ಟಿಗೆ

(ಸಂಘದ ರಜತ ಮಹೋತ್ಸವದ ಅಂಗವಾಗಿ ಹೂಟಗಳ್ಳಿಯಲ್ಲಿ ನಡೆದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಮಾರಂಭದಲ್ಲಿ ಹುಳುವಿನ ಮಾತು ಯಾಕಪ್ಪಾ, ಅದೂ ಊಟಕ್ಕೆ ಮುಂಚೆ, ಎಂದು ಕೆಲವರಿಗೆ ಅನ್ನಿಸಬಹುದು. ಹಾಲಿನ ಫ್ಯಾಟು, ಡಿಗ್ರಿ, ಬೋನಸ್ಸಿನ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ನಾವು ದನಕುರಿಗಳ ಚಿಕಿತ್ಸೆಯ ಕಸುಬಿನವರು. ಕೊಟ್ಟಿಗೆಯಿಂದ ಅಡುಗೆಮನೆಗೆ ನಡೆದು ಬರುವ ಒಂದು ಹುಳುವಿನ ವಿಚಾರ ಹೇಳೋಣ ಅಂತ ಬಂದಿದ್ದೇವೆ.

ಲಾಡಿಹುಳು ಹೆಸರಿಗೆ ತಕ್ಕ ಹಾಗೆ ಲಾಡಿಯಂತೆ ಚಪ್ಪಟೆ, ಬಿಳುಪು, ಉದ್ದ. ಇದಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ. ನಾವು ತಿಂದದ್ದು ಕರುಳಿನಲ್ಲಿ ಅರಗಿ ತಯಾರಾಗಿರುತ್ತದಲ್ಲ, ಅದನ್ನೇ ಮೈಚರ್ಮದಿಂದ ಹೀರಿಕೊಂಡು ಬದುಕುತ್ತದೆ. ತಲೆ ಗುಂಡುಸೂಜಿಯ ತಲೆಯಷ್ಟು. ಆ ತಲೆಯಿಂದ ಕರುಳಿನ ಗೋಡೆಗೆ ಕಚ್ಚಿಕೊಂಡು, ಕುತ್ತಿಗೆಯ ಹಿಂದೆ ಹೊಸ ಹೊಸ ತುಂಡುಗಳನ್ನು ಬೆಳೆಸುತ್ತಾ ಹೋಗುತ್ತದೆ. ತುದಿಯ ತುಂಡುಗಳು ಮೊಟ್ಟೆ ತುಂಬಿಕೊಂಡು ಕಳಚಿ ಮಲದಲ್ಲಿ ಹೊರಬರುತ್ತವೆ. ಹಾಗಾಗಿ ತುಂಡು ಬಿತ್ತು ಅಂದಮಾತ್ರಕ್ಕೆ ಹುಳು ಹೋಯಿತು ಅಂತಲ್ಲ. ತಲೆ ಒಳಗೇ ಉಳಿದಿದ್ದರೆ ಮತ್ತೆ ಬೆಳೆಯುತ್ತದೆ.

ಈಗ ಇದರ ಕುಲಗೋತ್ರಕ್ಕೆ ಬರೋಣ. ಚಪ್ಪಟೆ ಹುಳುಗಳ ವಂಶದಲ್ಲಿ ಸೆಸ್ಟೋಡಾ ಎಂಬುದು ಲಾಡಿಹುಳುಗಳ ವರ್ಗ. ಅದರಲ್ಲಿ ಗಣಗಳು ಹಲವು ಇದ್ದರೂ, ಹಾಲುಣಿಸುವ ಪ್ರಾಣಿಗಳಾದ ನಮಗೂ ನಮ್ಮ ದನಕರು, ಕುರಿ, ನಾಯಿಗಳಿಗೂ ಸಂಬಂಧಪಟ್ಟವು ಮುಖ್ಯವಾಗಿ ಎರಡು. ಒಂದರ ತಲೆಯ ಮೇಲೆ ಎರಡು ಸೀಳುಗಳಿರುತ್ತವೆ. ಅದು ಮೀನಿನ ಮೂಲಕ ಬರುವಂಥದ್ದು, ಹಸಿ ಮೀನು ತಿನ್ನುವ ದೇಶಗಳ ಕಾಟ. ನಮ್ಮ ಕಡೆ ಮೀನನ್ನು ಬೇಯಿಸದೆ ಯಾರೂ ತಿನ್ನೋದಿಲ್ಲ, ಅದನ್ನು ಬಿಡೋಣ. ಎರಡನೆಯ ಗಣದ ಹುಳುಗಳಿಗೆ ತಲೆಯ ಮೇಲೆ ನಾಲ್ಕು ಹೀರುಬಟ್ಟಲು. ಸೈಕ್ಲೋಫಿಲಿಡಿಯಾ ಎಂದು ಇದರ ಹೆಸರು. ನಮ್ಮ ಕೊಟ್ಟಿಗೆಯ ಹುಳುಗಳೆಲ್ಲ ಇದರ ಮಕ್ಕಳೇ.

ಈ ಹೆಸರು ಕಟ್ಟಿಕೊಂಡು ರೈತನಿಗೇನಾಗಬೇಕು ಎಂದು ಕೇಳಬಹುದು. ಲಾಡಿಹುಳುವಿಗೆ ಸಾಮಾನ್ಯವಾಗಿ ಎರಡು ಮನೆ ಬೇಕು. ಮರಿಯಾಗಿ ಒಂದು ಪ್ರಾಣಿಯಲ್ಲಿ, ದೊಡ್ಡದಾಗಿ ಇನ್ನೊಂದು ಪ್ರಾಣಿಯಲ್ಲಿ. ಇದು ಯಾವ ಕುಟುಂಬದ ಹುಳು ಎಂದು ಗೊತ್ತಾದರೆ, ಎರಡು ಮನೆಗಳ ನಡುವಿನ ದಾರಿ ಯಾವುದು, ಎಲ್ಲಿ ಅಡ್ಡ ಕಟ್ಟಬೇಕು ಎಂಬುದೂ ಗೊತ್ತಾಗುತ್ತದೆ.

ಕುರಿ, ಮೇಕೆ, ಕರುಗಳ ಹಿಕ್ಕೆ, ಸಗಣಿಯಲ್ಲಿ ಅನ್ನದ ಅಗುಳಿನಂಥ ಬಿಳಿ ತುಂಡು ಕಾಣೋದು ಮೊನೀಜಿಯಾ. ಸೊಪ್ಪುಸದೆ ಮೇಯುವ ಪ್ರಾಣಿಗಳಿಗೆ ಇದು ಎಲ್ಲಿಂದ ಬರುತ್ತದೆ ಎಂಬುದು ಬಹುಕಾಲ ಒಗಟಾಗಿತ್ತು. 1937ರಲ್ಲಿ ಅಮೆರಿಕದ ಸ್ಟಂಕಾರ್ಡ್ ಎಂಬ ವಿಜ್ಞಾನಿ ಅದನ್ನು ಬಿಡಿಸಿದರು: ಹುಲ್ಲಿನ ಬುಡದಲ್ಲಿರುವ, ಕಣ್ಣಿಗೆ ಕಾಣಿಸೀತೋ ಇಲ್ಲವೋ ಎನ್ನುವಷ್ಟು ಸಣ್ಣ ನುಸಿಯೇ ಮೊದಲನೆ ಮನೆ. ಹುಲ್ಲಿನ ಜೊತೆ ನುಸಿ ಹೊಟ್ಟೆ ಸೇರುತ್ತದೆ. ಬನ್ನೂರು ಮರಿ ಸಾಕಿದವರು ಹೊಟ್ಟೆ ಡುಬ್ಬಾಗಿ ಮೈ ಸೊರಗಿದ್ದನ್ನು ನೋಡಿರುತ್ತೀರಿ. ದೊಡ್ಡ ಪ್ರಾಣಿ ತಡೆದುಕೊಳ್ಳುತ್ತದೆ, ಮರಿಗಳಿಗೆ ಔಷಧಿ ಹಾಕಿಸಬೇಕು. ಇದು ಮನುಷ್ಯರಿಗೆ ಬರುವ ಹುಳುವಲ್ಲ. ನಾಯಿಯ ಬಾಲದಡಿ ಸೌತೆಬೀಜದ ಹಾಗೆ ಅಂಟಿರುವುದು ಇನ್ನೊಂದು ಕುಟುಂಬದ್ದು, ಅದರ ಮನೆ ಚಿಗಟ. ಚಿಗಟ ಹೋಗದೆ ಆ ಹುಳು ಹೋಗದು.

ನಿಜವಾದ ಅಪಾಯ ಇರೋದು ಟೀನಿಯಿಡೇ ಎಂಬ ಕುಟುಂಬದಲ್ಲಿ. ಇದರ ಎರಡು ಮನೆಯೂ ಹಾಲುಣಿಸುವ ಪ್ರಾಣಿಗಳೇ. ತಿನ್ನುವವರಲ್ಲಿ ಲಾಡಿ, ತಿನ್ನಿಸಿಕೊಳ್ಳುವವರಲ್ಲಿ ನೀರುಗುಳ್ಳೆ. ಹಿಂದಿನ ವಿದ್ವಾಂಸರು ಈ ಗುಳ್ಳೆಗಳನ್ನು ಬೇರೆಯೇ ಜೀವಿ ಎಂದು ತಿಳಿದು ಪ್ರತ್ಯೇಕ ಗಣವನ್ನೇ ಮಾಡಿ, ಹೆಸರಿಟ್ಟು ಕೂರಿಸಿದ್ದರು. 1855ರಲ್ಲಿ ಜರ್ಮನಿಯ ಕ್ಯೂಖೆನ್‌ಮೈಸ್ಟರ್ ಎಂಬ ವೈದ್ಯ, ಮರಣದಂಡನೆಯಾಗಿದ್ದ ಕೈದಿಯ ಊಟದಲ್ಲಿ ಹಂದಿಮಾಂಸದ ಗುಳ್ಳೆಗಳನ್ನು ಸೇರಿಸಿ, ಶಿಕ್ಷೆ ಜಾರಿಯಾದ ಮೇಲೆ ಕರುಳು ಬಿಡಿಸಿ ಎಳೆಯ ಲಾಡಿಹುಳುಗಳನ್ನು ತೋರಿಸಿದ. ಹೀಗೆ ಮಾಡಿದ್ದು ಸರಿಯಲ್ಲ, ಆಗಲೇ ಅದಕ್ಕೆ ಆಕ್ಷೇಪ ಬಂದಿತ್ತು. ಆದರೂ ಗುಳ್ಳೆ, ಲಾಡಿ ಎರಡೂ ಒಂದೇ ಹುಳುವಿನ ಎರಡು ವಯಸ್ಸು ಎಂಬುದು ಖಚಿತವಾಯಿತು.

ನಮ್ಮೂರ ವಿಚಾರಕ್ಕೆ ಬರೋಣ. ಯುಗಾದಿಯ ಮಾರನೆ ದಿನ ಹೊಸತೊಡಕು. ನಾಲ್ಕು ಮನೆಯವರು ಸೇರಿ ಕುರಿ ಕೊಯ್ದು ಗುಡ್ಡೆಬಾಡು ಹಾಕುತ್ತೇವೆ. ಈಲಿಯಲ್ಲೋ ಪುಪ್ಪುಸದಲ್ಲೋ ನೀರು ತುಂಬಿದ ಗುಳ್ಳೆ ಕಂಡರೆ ಏನು ಮಾಡುತ್ತೇವೆ? "ಇದು ಕೆಟ್ಟದ್ದು, ತೆಗೆದು ಆ ನಾಯಿಗೆ ಹಾಕ್ಲಾ" ಅನ್ನುತ್ತೇವೆ. ಎಕೈನೊಕಾಕಸ್ ಎಂಬ ಹುಳು ಕಾದಿರೋದೇ ಆ ಮಾತಿಗೆ! ಗುಳ್ಳೆ ತಿಂದ ನಾಯಿಯ ಕರುಳಿನಲ್ಲಿ ಆರೇಳು ವಾರಕ್ಕೆ ಸಾವಿರಾರು ಹುಳು ಬಲಿತು ಮೊಟ್ಟೆ ಹಾಕುತ್ತವೆ. ಬೇರೆ ಲಾಡಿಹುಳು ಮೀಟರುಗಟ್ಟಲೆ ಬೆಳೆದರೆ ಇದು ಅರ್ಧ ಸೆಂಟಿಮೀಟರು, ಮೂರು ನಾಲ್ಕೇ ತುಂಡು. ಬರಿಗಣ್ಣಿಗೆ ಸುಲಭವಾಗಿ ಸಿಕ್ಕುವುದಿಲ್ಲ. ನಾಯಿಗೆ ಏನೂ ಆಗುವುದಿಲ್ಲ, ಬಾಲ ಅಲ್ಲಾಡಿಸಿಕೊಂಡೇ ಇರುತ್ತದೆ. ಅದರ ಮೈಕೂದಲಿಗೆ ಅಂಟಿದ ಮೊಟ್ಟೆ ಅದನ್ನು ಮುದ್ದಾಡುವ ಮಗುವಿನ ಕೈಗೆ, ಬಾಯಿಗೆ ಹೋದರೆ, ಕುರಿಯಲ್ಲಿ ಎದ್ದ ಗುಳ್ಳೆ ಮಗುವಿನ ಈಲಿಯಲ್ಲಿ ಏಳುತ್ತದೆ. ನಿಧಾನವಾಗಿ, ವರ್ಷಾನುಗಟ್ಟಲೆ ಬೆಳೆದು, ಅನೇಕ ಸಲ ಆಪರೇಷನ್ನಿಗೇ ಬರುತ್ತದೆ.

ಇದೇ ಕುಟುಂಬದ ಇನ್ನೊಂದು ಹುಳು ನಾಯಿಯಿಂದ ಕುರಿಯ ಮಿದುಳಿಗೆ ಹೋಗುತ್ತದೆ. ಕುರಿ ಒಂದೇ ಮಗ್ಗುಲಿಗೆ ಗಿರಗಿರ ಸುತ್ತುತ್ತದಲ್ಲ, ಅದಕ್ಕೆ ಇದೂ ಒಂದು ಕಾರಣ.

ದಾರಿ ಕಡಿಯುವುದು ಕಷ್ಟವಲ್ಲ. ಗುಳ್ಳೆಯಿದ್ದ ಭಾಗವನ್ನು ಸುಡಬೇಕು, ಇಲ್ಲವೆ ನಾಯಿ ಕೆದಕದಷ್ಟು ಆಳ ಹೂಳಬೇಕು. ಸಾಕಿದ ನಾಯಿಗೆ ಪಶುವೈದ್ಯರನ್ನು ಕೇಳಿ ಪ್ರಾಜಿಕ್ವಾಂಟೆಲ್ ಇರುವ ಮಾತ್ರೆ ಹಾಕಿಸಬೇಕು. ಎಲ್ಲ ಜಂತಿನ ಮಾತ್ರೆಗೂ ಈ ಹುಳು ಜಗ್ಗುವುದಿಲ್ಲ. ಐಸ್‌ಲೆಂಡ್ ಎಂಬ ಕುರಿಗಳ ದೇಶದಲ್ಲಿ ಈ ರೋಗ ಮನೆಮನೆಯಲ್ಲೂ ಇತ್ತು. 1864ರಲ್ಲಿ ಕ್ರಾಬೆ ಎಂಬ ಡ್ಯಾನಿಷ್ ಪಶುವೈದ್ಯರು ಜನರ ಭಾಷೆಯಲ್ಲಿ ಒಂದು ಪುಟ್ಟ ಪುಸ್ತಕ ಬರೆದರು, ಅದನ್ನು ಉಚಿತವಾಗಿ ಹಂಚಿದರು. ನಮ್ಮ ಈ ಸ್ಮರಣ ಸಂಚಿಕೆಯಂಥದ್ದೇ ಅನ್ನಿ. ಓದಿದ ಜನ ಬೋಟಿ, ಈಲಿಯನ್ನು ನಾಯಿಗೆ ಹಾಕುವುದನ್ನು ಬಿಟ್ಟರು, ಆಮೇಲೆ ಕಾನೂನೂ ಬಂತು. ಇಪ್ಪತ್ತನೆಯ ಶತಮಾನದಲ್ಲಿ ಆ ದೇಶದಿಂದ ರೋಗವೇ ಹೊರಟುಹೋಯಿತು. ಹೂಟಗಳ್ಳಿ ಈಗ ಕಾರ್ಖಾನೆ, ಬಡಾವಣೆಗಳ ನಡುವಿನ ಊರು. ಮಾಂಸದಂಗಡಿ, ಬೀದಿನಾಯಿ ಎರಡೂ ಕೈಗೆಟುಕುವಷ್ಟು ಹತ್ತಿರ. ಅಂಗಡಿಯ ಹಿಂದೆ ಬೀಳುವ ಕಸದ ಬಗ್ಗೆ ಸಂಘವೂ ಒಂದು ಮಾತು ಎತ್ತಬೇಕು ಎಂಬುದು ನಮ್ಮ ಅಭಿಪ್ರಾಯ.

ಕೊನೆಯದು ಹಂದಿಯ ಲಾಡಿಹುಳು, ಟೀನಿಯಾ ಸೋಲಿಯಂ. ಸ್ವೀಡನ್ನಿನ ಲಿನೇಯಸ್ 1758ರಲ್ಲೇ ಇದಕ್ಕೆ ಈ ಹೆಸರು ಕೊಟ್ಟ. ಸರಿಯಾಗಿ ಬೇಯದ ಹಂದಿಮಾಂಸ ತಿಂದರೆ ಕರುಳಿನಲ್ಲಿ ಲಾಡಿ ಬೆಳೆಯುತ್ತದೆ, ಅಷ್ಟೆ. ಅದರಿಂದ ದೊಡ್ಡ ತೊಂದರೆಯಿಲ್ಲ. ತೊಂದರೆ ಇರೋದು ಅದರ ಮೊಟ್ಟೆಯಲ್ಲಿ. ಮೊಟ್ಟೆ ಬರುವುದು ಹಂದಿಯಿಂದಲ್ಲ, ಹುಳು ಇರುವ ಮನುಷ್ಯನ ಮಲದಿಂದ. ಬಯಲಿನಲ್ಲಿ ಬಿದ್ದ ಮಲ, ಚರಂಡಿ ನೀರು ಹಾಯಿಸಿದ ಸೊಪ್ಪು, ತೊಳೆಯದ ಕೈ, ಇವುಗಳ ಮೂಲಕ ಮೊಟ್ಟೆ ಯಾರ ಹೊಟ್ಟೆಗೆ ಬೇಕಾದರೂ ಹೋಗಬಹುದು. ಆಗ ಹಂದಿಯ ಜಾಗದಲ್ಲಿ ಮನುಷ್ಯನೇ ನಿಂತ ಹಾಗೆ! ಗುಳ್ಳೆ ಮಿದುಳಿನಲ್ಲಿ ಕೂತರೆ ಫಿಟ್ಸ್ ಬರುತ್ತದೆ.

"ನಾವು ಹಂದಿ ಇರಲಿ, ಮೊಟ್ಟೇನೂ ಮುಟ್ಟೋರಲ್ಲ" ಎನ್ನುವವರಿಗೆ ಒಂದು ಸಂಗತಿ. ಹಂದಿಮಾಂಸ ನಿಷಿದ್ಧವಾದ ನ್ಯೂಯಾರ್ಕಿನ ಸಂಪ್ರದಾಯಸ್ಥ ಯಹೂದಿ ಮನೆಗಳಲ್ಲಿ ನಾಲ್ಕು ಜನರಿಗೆ ಇದೇ ರೋಗ ಬಂದದ್ದು 1992ರಲ್ಲಿ ವರದಿಯಾಯಿತು. ರೋಗ ಇರುವ ದೇಶಗಳಿಂದ ಬಂದಿದ್ದ ಮನೆಗೆಲಸದವರ ಕೈಯಿಂದ ಊಟಕ್ಕೆ ಮೊಟ್ಟೆ ಸೇರಿರಬೇಕು ಎಂದು ವೈದ್ಯರು ಹೇಳಿದರು. ಕೈ ತೊಳೆಯುವುದಕ್ಕೆ ಜಾತಿಯಿಲ್ಲ, ಈ ಹುಳುವಿಗೂ ಇಲ್ಲ.

ಫಿಟ್ಸ್ ಬಂದವರ ಕೈಗೆ ಬೀಗದಕೈ ಕೊಡುವುದು, ಗಾಳಿ ಸೋಕಿದೆ ಎನ್ನುವುದು, ಹೆಣ್ಣುಮಗಳಾದರೆ ಮುಚ್ಚಿಡುವುದು ಇನ್ನೂ ನಡೆದೇ ಇದೆ. ಫಿಟ್ಸಿಗೆ ಕಾರಣ ಹಲವು, ಅದರಲ್ಲಿ ಈ ಗುಳ್ಳೆ ನಮ್ಮ ದೇಶದಲ್ಲಿ ಮುಖ್ಯವಾದದ್ದು. ಹಿಂದೆ ಸ್ಕ್ಯಾನಿನಲ್ಲಿ ಇಂಥ ಸಣ್ಣ ಗಂಟು ಕಂಡರೆ ಕ್ಷಯದ ಗಂಟು ಎಂದು ತಿಂಗಳಾನುಗಟ್ಟಲೆ ಔಷಧಿ ಕೊಡುತ್ತಿದ್ದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಚಾಂಡಿ, ರಾಜಶೇಖರ್ ಮತ್ತು ಸಂಗಡಿಗರು 1980ರ ದಶಕದ ಕೊನೆಯ ಹೊತ್ತಿಗೆ ಇವುಗಳಲ್ಲಿ ಬಹುಪಾಲು ಸಾಯುತ್ತಿರುವ ಲಾಡಿಹುಳುವಿನ ಗುಳ್ಳೆಗಳೆಂದು ತೋರಿಸಿಕೊಟ್ಟರು. ಕಾನೂನು ಕೂಡ ತಿದ್ದಿಕೊಂಡಿದೆ: ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆ ರೋಗದ ನೆಪದಿಂದ ಮದುವೆ ಮುರಿಯಲು ಇದ್ದ ಅವಕಾಶವನ್ನು 1999ರಲ್ಲಿ ತೆಗೆದುಹಾಕಿದರು. ಹೆಣ್ಣು ಹೆತ್ತವರು ಇದನ್ನು ನೆನಪಿಡಬೇಕು. ಫಿಟ್ಸ್ ಬಂದವರನ್ನು ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ತುರುಕದೆ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇಂಥವರು ಜಂತಿನ ಮಾತ್ರೆ ನುಂಗುವ ಮೊದಲು ವೈದ್ಯರನ್ನು ಕೇಳಬೇಕು. ಮಿದುಳಿನಲ್ಲಿ ಹುಳು ಒಮ್ಮೆಗೇ ಸತ್ತರೆ ಬಾವು ಬರುತ್ತದೆ. ಶಾಲೆಯಲ್ಲಿ ಕೊಡುವ ಮಾತ್ರೆಯನ್ನು ಉಳಿದ ಮಕ್ಕಳಿಗೆ ತಪ್ಪಿಸಬೇಡಿ.

ಹಂದಿ ಸಾಕುವವರಿಗೂ ಒಂದು ಮಾತು. ಹಂದಿಗಳಿಗೆ ಹಾಕುವ ಲಸಿಕೆಯನ್ನು ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಕಂಪನಿ ತಯಾರಿಸಿದೆ. ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.

ಸಮಯ ಆಯಿತು, ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ. ನಿಮ್ಮ ಪ್ರಶ್ನೆಗಳಿದ್ದರೆ ಊಟದ ಪಂಕ್ತಿಯಲ್ಲೇ ಕೇಳಿ.