ಜಪಾನಿನಲ್ಲಿ ಕಂಡ ಒಂದು ಶಾಲೆಯ ಗೋಡೆ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿ, "ಜಪಾನಿಗೆ ಹೋಗಿ ಬಂದಿದ್ದೀರಂತೆ, ಅದರ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ, ಮಕ್ಕಳಿಗೆ ಉಪಯೋಗವಾಗುತ್ತೆ" ಎಂದರು. ನಾನು ಅಲ್ಲಿ ಓದಿದವನಲ್ಲ, ದುಡಿದವನೂ ಅಲ್ಲ. 2024ರ ಏಪ್ರಿಲ್ ತಿಂಗಳಲ್ಲಿ ಹೆಂಡತಿಯ ಜೊತೆ 16 ದಿನ ತಿರುಗಾಡಿ ಬಂದ ಪ್ರವಾಸಿ, ಅಷ್ಟೆ. ಹದಿನಾರು ದಿನಕ್ಕೆ ಒಂದು ದೇಶ ಅರ್ಥವಾಗುವುದಿಲ್ಲ. ಅರವತ್ತು ವರ್ಷ ಬಾಳಿದರೂ ನಮ್ಮ ತಾಲ್ಲೂಕೇ ನನಗೆ ಪೂರ್ತಿ ಅರ್ಥವಾಗಿಲ್ಲ. ಹಾಗಾಗಿ ಕಂಡದ್ದನ್ನು ಮಾತ್ರ ಹೇಳುತ್ತೇನೆ.

ಮೊದಲು ಎಲ್ಲರೂ ಕೇಳುವ ಪ್ರಶ್ನೆ: ಖರ್ಚೆಷ್ಟು, ಊಟಕ್ಕೇನು ಮಾಡಿದಿರಿ? ಮಗಳು ಅಳಿಯ ಯೊಕೊಹಾಮಾದಲ್ಲಿರುವುದರಿಂದ ಅರ್ಧ ದಿನಗಳ ವಸತಿ ಉಳಿಯಿತು. ದುಬಾರಿಯಾದದ್ದು ರೈಲು. ಪ್ರವಾಸಿಗಳಿಗೆಂದೇ ಮಾಡಿದ 7 ದಿನಗಳ ಪಾಸ್‌ಗೆ ಆಗ 50,000 ಯೆನ್, ಅಂದರೆ ಒಬ್ಬರಿಗೆ ಸುಮಾರು 27 ಸಾವಿರ ರೂಪಾಯಿ. ಊಟದ ಕಷ್ಟ ಸಸ್ಯಾಹಾರಿಗಳಿಗೆ ನಿಜ. ಬರೀ ತರಕಾರಿ ಸಾರಿನಂತೆ ಕಾಣುವುದರಲ್ಲೂ 'ದಾಶಿ' ಎಂಬ ತಿಳಿಸಾರು ಇರುತ್ತದೆ, ಅದನ್ನು ಸಾಮಾನ್ಯವಾಗಿ ಒಣಮೀನಿನಿಂದ ಮಾಡುತ್ತಾರೆ. ನನ್ನ ಹೆಂಡತಿ ಅವಲಕ್ಕಿ, ಚಟ್ನಿಪುಡಿ ಒಯ್ದಿದ್ದಳು. ಅಲ್ಲಿ ಬೀದಿ ಬೀದಿಗೂ ಇರುವ, ರಾತ್ರಿಯೂ ತೆರೆದಿರುವ ಸಣ್ಣ ಅಂಗಡಿಗಳಲ್ಲಿ ಬಿಸಿ ಅನ್ನದ ಡಬ್ಬಿ, ಮೊಸರು ಸಿಗುತ್ತವೆ. ಮೊಸರು ಸಿಹಿ ಹಾಕದ್ದೇ ಎಂದು ನೋಡಿಕೊಂಡು ತಂದರೆ ಜಪಾನಿನಲ್ಲೂ ಮೊಸರನ್ನ ಉಣ್ಣಬಹುದು.

ರೈಲಿನ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಟೋಕಿಯೋದಿಂದ ಒಸಾಕಾಗೆ ಶಿಂಕಾನ್‌ಸೆನ್ ಓಡಲು ಶುರುವಾದದ್ದು 1964ರ ಅಕ್ಟೋಬರ್ 1ರಂದು, ಅಂದರೆ ನಮ್ಮ ಈ ಶಾಲೆಗೆ ಅಡಿಪಾಯ ಹಾಕುವುದಕ್ಕೆ ಹತ್ತು ವರ್ಷಕ್ಕೂ ಮೊದಲು. ಆಗಲೇ ಗಂಟೆಗೆ 210 ಕಿ.ಮೀ. ವೇಗ.

ಇನ್ನು ಜಪಾನಿನ ಮಕ್ಕಳು ತಮ್ಮ ಶಾಲೆಯನ್ನು ತಾವೇ ಗುಡಿಸುತ್ತಾರೆ ಎಂದು ವಾಟ್ಸಾಪಿನಲ್ಲಿ ತಿಂಗಳಿಗೊಮ್ಮೆ ಬರುತ್ತದಲ್ಲ, ಅದು ನಿಜ. ಆದರೆ ಅದಕ್ಕೆ ನಾವು ಅಷ್ಟು ಬೆರಗಾಗಬೇಕಾಗಿಲ್ಲ. ಇಲ್ಲಿ ಕೂತಿರುವ 1981ರ ಎಸ್ಸೆಸ್ಸೆಲ್ಸಿ ತಂಡದವರೆಲ್ಲ ಸರದಿಯ ಮೇಲೆ ಕಸ ಗುಡಿಸಿದವರೇ, ಶನಿವಾರ ಬೆಳಿಗ್ಗೆ ಸಗಣಿ ತಂದು ನೆಲ ಸಾರಿಸಿದವರೇ. ಜಪಾನಿನವರು ಅದನ್ನು ಬಿಡಲಿಲ್ಲ, ನಾವು ಬಿಟ್ಟೆವು. ವ್ಯತ್ಯಾಸ ಅಷ್ಟೇ.

ಪ್ರವಾಸಿಗಳು ನೋಡುವುದನ್ನೆಲ್ಲ ನಾವೂ ನೋಡಿದೆವು. ಫ್ಯೂಜಿ ಪರ್ವತ ಮೋಡದಲ್ಲಿತ್ತು. ಕ್ಯೋಟೋದ ಫುಶಿಮಿ ಇನಾರಿಯಲ್ಲಿ ಬೆಟ್ಟದುದ್ದಕ್ಕೂ ನಿಲ್ಲಿಸಿರುವ ಸಾವಿರಾರು ಕೆಂಪು ಕಮಾನುಗಳ ಕೆಳಗೆ ಜಾತ್ರೆಯಂಥ ಜನ, ನಮ್ಮ ತೇರಿನ ದಿನದ ನೂಕಾಟವೇ ನೆನಪಾಯಿತು. ಇವುಗಳ ಚಿತ್ರ ನಿಮ್ಮ ಫೋನಿನಲ್ಲೇ ನನ್ನ ಮಾತಿಗಿಂತ ಚೆನ್ನಾಗಿ ಸಿಗುತ್ತವೆ. ನಾನು ಹೇಳಬೇಕೆಂದು ಬಂದದ್ದು ಮಕ್ಕಳಿಗೂ ಶಾಲೆಗೂ ಸಂಬಂಧಪಟ್ಟ ಕೆಲವು ಸಂಗತಿಗಳನ್ನು.

ಟೋಕಿಯೋದ ಉಯೆನೊ ಮೃಗಾಲಯದಿಂದ ಶುರುಮಾಡುತ್ತೇನೆ. 1943ರಲ್ಲಿ, ಯುದ್ಧದ ನಡುವೆ, ಬಾಂಬು ಬಿದ್ದು ಬೋನು ಒಡೆದರೆ ಪ್ರಾಣಿಗಳು ಊರಿಗೆ ನುಗ್ಗುತ್ತವೆ ಎಂದು ಅಲ್ಲಿಯ ದೊಡ್ಡ ಪ್ರಾಣಿಗಳನ್ನು ಕೊಲ್ಲಲು ಆಜ್ಞೆಯಾಯಿತು. ಮೂರು ಆನೆಗಳನ್ನು ಉಪವಾಸ ಕೆಡವಿ ಸಾಯಿಸಿದರು. ಯುದ್ಧ ಮುಗಿದ ಮೇಲೆ, ಆನೆಯನ್ನೇ ಕಾಣದೆ ಬೆಳೆಯುತ್ತಿದ್ದ ಟೋಕಿಯೋದ ಶಾಲಾಮಕ್ಕಳು ನಮ್ಮ ಪ್ರಧಾನಿ ನೆಹರೂ ಅವರಿಗೆ ಒಂದು ಆನೆ ಕಳಿಸಿಕೊಡಿ ಎಂದು ನೂರಾರು ಪತ್ರ ಬರೆದರು. 1949ರಲ್ಲಿ ನೆಹರೂ ಒಂದು ಹೆಣ್ಣಾನೆ ಕಳಿಸಿದರು. ಹೆಸರು ಇಂದಿರಾ, ತಮ್ಮ ಮಗಳ ಹೆಸರೇ. ಆ ಆನೆ ನಮ್ಮ ಮೈಸೂರು ಸೀಮೆಯದು. ಅದಕ್ಕೆ ಗೊತ್ತಿದ್ದದ್ದು ಕನ್ನಡ ಮಾತ್ರ. ಜೊತೆಗೆ ಹೋಗಿದ್ದ ಮಾವುತರಿಂದ ಅಲ್ಲಿಯ ಪಾಲಕರು ಕನ್ನಡದ ಆಜ್ಞೆಗಳನ್ನು ಕಲಿತು ಅದನ್ನು ನೋಡಿಕೊಳ್ಳಬೇಕಾಯಿತು. ಇಂದಿರಾ 1983ರವರೆಗೆ ಅಲ್ಲೇ ಬಾಳಿತು. ನಾವು ಹೋದಾಗ ಸತ್ತ ಪ್ರಾಣಿಗಳ ಸ್ಮಾರಕದ ಮುಂದೆ ಒಂದು ಗಳಿಗೆ ನಿಂತೆವು. ಟೋಕಿಯೋ ನಗರದ ನಡುವೆ ಒಬ್ಬ ಜಪಾನಿ, ಆನೆಯನ್ನು ಕನ್ನಡದಲ್ಲಿ ಮಾತಾಡಿಸುತ್ತಿದ್ದುದನ್ನು ನೆನೆದು ನನ್ನ ಹೆಂಡತಿ ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು.

ಅಲ್ಲಿಂದ ರೈಲು ಹಿಡಿದು ನಾರಾ ಎಂಬ ಹಳೆಯ ರಾಜಧಾನಿಗೆ ಹೋದೆವು. ಅಲ್ಲಿಯ ತೊದಾಯ್‌ಜಿ ದೇಗುಲದಲ್ಲಿ ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧ ಕೂತಿದ್ದಾನೆ. 752ನೇ ಇಸವಿಯಲ್ಲಿ ಅದಕ್ಕೆ ಕಣ್ಣು ಬರೆಯುವ ಶಾಸ್ತ್ರ ಮಾಡಿದವರು ಬೋಧಿಸೇನ ಎಂಬ ಭಾರತದ ಭಿಕ್ಷು. ನಮ್ಮಲ್ಲಿ ವಿಗ್ರಹಕ್ಕೆ ದೃಷ್ಟಿ ತೆರೆಸುವುದಿಲ್ಲವೇ, ಹಾಗೆ. ಅವರು ಹಿಡಿದ ಕುಂಚಕ್ಕೆ ಉದ್ದನೆಯ ದಾರ ಕಟ್ಟಿ, ನೆರೆದವರೂ ಆ ದಾರ ಹಿಡಿದು ಪುಣ್ಯದಲ್ಲಿ ಪಾಲು ಪಡೆದರಂತೆ. ನನಗೆ ಹೆಚ್ಚು ಆಶ್ಚರ್ಯವಾದದ್ದು ಬುದ್ಧನ ಗಾತ್ರವಲ್ಲ. ಆ ಕುಂಚವನ್ನು ಅಲ್ಲಿಯ ಭಂಡಾರದಲ್ಲಿ ಇವತ್ತಿಗೂ ಇಟ್ಟುಕೊಂಡಿದ್ದಾರೆ. ಸಾವಿರದ ಇನ್ನೂರು ವರ್ಷ ದಾಟಿದೆ. ನಮ್ಮ ಮನೆಯಲ್ಲಿ ಅಜ್ಜನ ಲೇಖನಿ ಎಲ್ಲಿದೆ ಎಂದು ನನಗೆ ತಿಳಿಯದು.

ಹಾಗೆಂದು ಜಪಾನಿನವರು ಎಲ್ಲ ಹಳೆಯದನ್ನೂ ತಬ್ಬಿಕೊಂಡು ಕೂತವರಲ್ಲ. ಈಸೆ ಎಂಬಲ್ಲಿನ ಅವರ ಪರಮ ಪವಿತ್ರ ದೇಗುಲವನ್ನು 20 ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಹಾಗೆಯೇ ಹೊಸದಾಗಿ ಕಟ್ಟಿ, ಹಳೆಯದನ್ನು ಬಿಚ್ಚುತ್ತಾರೆ. ಕಳೆದ ಸಲ ಕಟ್ಟಿದ್ದು 2013ರಲ್ಲಿ. ಅಲ್ಲಿ ಉಳಿಸಿಕೊಂಡಿರುವುದು ಬಡಗಿಯ ಕೈಗೆಲಸವನ್ನು. ಏನನ್ನು ಕೆಡವಬೇಕು, ಏನನ್ನು ಇಟ್ಟುಕೊಳ್ಳಬೇಕು ಎಂಬ ಲೆಕ್ಕ ಅವರಿಗೂ ಸುಲಭವಾಗಿ ಬಗೆಹರಿದಿಲ್ಲ. ಅದು ಗೊತ್ತಾದದ್ದು ಹಿರೋಶಿಮಾದಲ್ಲಿ.

1945ರ ಆಗಸ್ಟ್ 6, ಬೆಳಿಗ್ಗೆ 8 ಗಂಟೆ 15 ನಿಮಿಷ. ಇದನ್ನು ನಾವೆಲ್ಲ ಸಮಾಜ ಪಾಠದಲ್ಲಿ ಉರುಹೊಡೆದು ಎರಡು ಅಂಕ ತೆಗೆದುಕೊಂಡಿದ್ದೇವೆ. ನನಗೆ ತಿಳಿಯದಿದ್ದದ್ದು ಇದು: ಆ ಬೆಳಿಗ್ಗೆ ಸಾವಿರಾರು ಶಾಲಾಮಕ್ಕಳು ಬೀದಿಯಲ್ಲಿದ್ದರು. ವೈಮಾನಿಕ ದಾಳಿಯಲ್ಲಿ ಬೆಂಕಿ ಹಬ್ಬದಿರಲೆಂದು ಸಾಲುಮನೆಗಳನ್ನು ಕೆಡವಿ ಬಯಲು ಮಾಡುವ ಕೆಲಸಕ್ಕೆ ಸರ್ಕಾರ ಅವರನ್ನು ಹಚ್ಚಿತ್ತು. ಹೆಚ್ಚಿನವರು ಹನ್ನೆರಡು, ಹದಿಮೂರು ವರ್ಷದವರು, ನಮ್ಮ ಏಳನೆಯ, ಎಂಟನೆಯ ತರಗತಿಯವರಷ್ಟು. ಅವರಲ್ಲಿ ಸುಮಾರು 6,000 ಮಕ್ಕಳು ಸತ್ತರು. ಸಂಗ್ರಹಾಲಯದಲ್ಲಿ ಒಬ್ಬ ಹುಡುಗನ ಊಟದ ಡಬ್ಬಿ ಇದೆ. ಒಳಗಿನ ಅನ್ನ ಕರಕಲಾಗಿ ಕಲ್ಲಿನಂತಾಗಿದೆ. ತಾಯಿ ಮಗನ ದೇಹವನ್ನು ಹುಡುಕಿದಾಗ ಡಬ್ಬಿ ಅವನ ಜೊತೆಯಲ್ಲೇ ಇತ್ತು. ಅಲ್ಲಿ ಬಂದಿದ್ದ ಜಪಾನಿ ಶಾಲಾಮಕ್ಕಳ ಗುಂಪು ಆ ಗಾಜಿನ ಪೆಟ್ಟಿಗೆಯ ಹತ್ತಿರ ಬಂದೊಡನೆ ಗಲಾಟೆ ನಿಲ್ಲಿಸಿತು. ಯಾವ ಮೇಷ್ಟ್ರೂ ಸುಮ್ಮನಿರಿ ಎನ್ನಲಿಲ್ಲ.

ಹೊರಗೆ ಸಿಗುವುದು, ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಆ ಗುಮ್ಮಟದ ಕಟ್ಟಡ. ಅದನ್ನು ಕೆಡವಿಬಿಡಿ, ನೋಡಿದರೆ ಸಂಕಟವಾಗುತ್ತದೆ ಎಂದವರು ಆ ಊರಿನವರೇ. ಅವರ ಮಾತಿನಲ್ಲಿ ತಪ್ಪೇನಿತ್ತು? ಮಗು ಕಳೆದುಕೊಂಡವರಿಗೆ ದಿನಾ ಅದನ್ನು ದಾಟಿ ಸಂತೆಗೆ ಹೋಗುವುದು ಸುಲಭವಲ್ಲ. 1960ರಲ್ಲಿ 16 ವರ್ಷದ ಒಬ್ಬ ಹುಡುಗಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು. ಆ ಕಟ್ಟಡವೇ ಮುಂದಿನವರಿಗೆ ನಡೆದದ್ದನ್ನು ಹೇಳಬೇಕು ಎಂಬರ್ಥದ ಮಾತು ಅವಳ ದಿನಚರಿಯಲ್ಲಿತ್ತು. ಅದನ್ನು ಓದಿದ ಮಕ್ಕಳ ಗುಂಪೊಂದು ಸಹಿ ಸಂಗ್ರಹಕ್ಕೆ ಹೊರಟಿತು. 1966ರಲ್ಲಿ ನಗರಸಭೆ ಕಟ್ಟಡವನ್ನು ಶಾಶ್ವತವಾಗಿ ಉಳಿಸಲು ನಿರ್ಣಯ ಮಾಡಿತು. ದುರಸ್ತಿಗೆ ಜನರಿಂದ ಚಂದಾ ಎತ್ತಿದರು.

ಅದೇ ಉದ್ಯಾನದಲ್ಲಿ ಸಡಾಕೊ ಸಸಾಕಿಯ ನೆನಪಿನ ಮಕ್ಕಳ ಸ್ಮಾರಕವಿದೆ. ಬಾಂಬು ಬಿದ್ದಾಗ ಅವಳಿಗೆ ಎರಡು ವರ್ಷ. ಶಾಲೆಯ ಓಟದಲ್ಲಿ ಚುರುಕಾಗಿದ್ದ ಹುಡುಗಿ 1955ರಲ್ಲಿ, 12ನೇ ವಯಸ್ಸಿಗೆ ಅದೇ ಕಾಯಿಲೆಯಿಂದ ಹೋದಳು. ಆಸ್ಪತ್ರೆಯಲ್ಲಿ ಅವಳು ಕಾಗದದ ಕೊಕ್ಕರೆ ಮಡಚಿದ ಕಥೆ ನಿಮಗೆ ಗೊತ್ತಿರಬಹುದು. ಆ ಸ್ಮಾರಕವನ್ನು ಕಟ್ಟಿಸಿದ್ದು ಸರ್ಕಾರವಲ್ಲ. ಅವಳ ಜೊತೆ ಓದಿದ ಮಕ್ಕಳು ಶುರುಮಾಡಿದರು, ದೇಶದ 3,000ಕ್ಕೂ ಹೆಚ್ಚು ಶಾಲೆಗಳಿಂದ ಹಣ ಬಂತು, 1958ರ ಮೇ 5ರಂದು ಅದು ಎದ್ದು ನಿಂತಿತು. ಹಳೆಯ ವಿದ್ಯಾರ್ಥಿ ಸಂಘ ಎಂದರೆ ವರ್ಷಕ್ಕೊಂದು ಸನ್ಮಾನ, ಒಂದು ಊಟ ಎಂದುಕೊಂಡಿದ್ದ ನನಗೆ ಅದರ ಮುಂದೆ ನಿಂತಾಗ ಬೇರೆ ಏನೋ ಅನ್ನಿಸಿತು.

ಕೊನೆಯದಾಗಿ ಫುಕುರೊಮಾಚಿ ಪ್ರಾಥಮಿಕ ಶಾಲೆ. ಪ್ರವಾಸದ ಕಂಪನಿಗಳು ಅಲ್ಲಿಗೆ ಅಷ್ಟಾಗಿ ಕರೆದೊಯ್ಯುವುದಿಲ್ಲ, ಅಳಿಯ ಹೇಳಿದ್ದರಿಂದ ಹೋದೆವು. ಬಾಂಬು ಸಿಡಿದ ಸ್ಥಳದಿಂದ 460 ಮೀಟರ್. ಕಾಂಕ್ರೀಟ್ ಕಟ್ಟಡವೊಂದರ ಅಸ್ಥಿಪಂಜರ ಮಾತ್ರ ಉಳಿಯಿತು, ಅದೇ ಗಾಯಾಳುಗಳ ಆಸರೆಯಾಯಿತು. ಗೋಡೆಗಳೆಲ್ಲ ಮಸಿ ಹಿಡಿದು ಕಪ್ಪಾಗಿದ್ದವು. ಮಕ್ಕಳನ್ನು, ಗಂಡನನ್ನು, ಶಿಷ್ಯರನ್ನು ಹುಡುಕಿ ಬಂದವರು ಶಾಲೆಯ ಸೀಮೆಸುಣ್ಣ ಹಿಡಿದು ಆ ಕಪ್ಪು ಗೋಡೆಯ ಮೇಲೆಯೇ ಬರೆದರು: ಯಾರನ್ನು ಹುಡುಕುತ್ತಿದ್ದೇವೆ, ತಾವೀಗ ಎಲ್ಲಿದ್ದೇವೆ. ಹೀಗೆ ಇಡೀ ಗೋಡೆ ಬೋರ್ಡಾಯಿತು.

ಮುಂದೆ ಶಾಲೆ ಮತ್ತೆ ನಡೆಯಿತು, ಗೋಡೆಗೆ ಗಾರೆ ಬಳಿದರು, ಅಕ್ಷರಗಳು ಒಳಗೆ ಹೂತುಹೋದವು. ಐವತ್ತಕ್ಕೂ ಹೆಚ್ಚು ವರ್ಷ ಮಕ್ಕಳು ಅದೇ ಗೋಡೆಗೊರಗಿ ಪಾಠ ಕೇಳಿದರು. ಕಟ್ಟಡ ಹಳೆಯದಾಯಿತು, ಕೆಡವಿ ಹೊಸದು ಕಟ್ಟೋಣ ಎಂದು ಹೊರಟಾಗ, 1945ರಲ್ಲಿ ತೆಗೆದ ಒಂದು ಫೋಟೋದ ಆಧಾರದಿಂದ ಗಾರೆ ಕೆತ್ತಿ ನೋಡಿದರು. ಅಕ್ಷರಗಳು ಅಲ್ಲೇ ಇದ್ದವು. ಹೊಸ ಶಾಲೆಯನ್ನು ಕಟ್ಟಿದರು. ಹಳೆಯದರ ಒಂದು ಭಾಗವನ್ನು ಬಿಟ್ಟುಕೊಂಡು 2002ರಲ್ಲಿ ಸಂಗ್ರಹಾಲಯ ಮಾಡಿದರು. ನಾವು ಒಳಗಿದ್ದಾಗ ಪಕ್ಕದ ಹೊಸ ಕಟ್ಟಡದಲ್ಲಿ ಗಂಟೆ ಹೊಡೆದು ಮಕ್ಕಳು ಆಟಕ್ಕೆ ಓಡಿದ ಸದ್ದು ಕೇಳಿಸಿತು.

ಈಗ ನಮ್ಮ ವಿಷಯ. 1975ರಲ್ಲಿ ಊರಿನವರು ಶ್ರಮದಾನದಿಂದ ಕಟ್ಟಿದ ನಾಲ್ಕು ಹೆಂಚಿನ ಕೋಣೆಗಳನ್ನು ತೆಗೆದು ಆ ಜಾಗದಲ್ಲಿ ಸಭಾಂಗಣ ಕಟ್ಟಬೇಕೆಂದು ಮಹೋತ್ಸವ ಸಮಿತಿ ಯೋಚಿಸಿದೆ. ಸಭಾಂಗಣ ಬೇಕು, ನಾನು ಬೇಡ ಎನ್ನುವುದಿಲ್ಲ. ಮಳೆ ಬಂದರೆ ಈ ಮಕ್ಕಳು ಎಲ್ಲಿ ಕೂರಬೇಕು? ಮೂರು ಕೋಣೆ ಹೋಗಲಿ. ಮೂಲೆಯ ಎಂಟನೇ ತರಗತಿಯ ಕೋಣೆಯನ್ನು ಮಾತ್ರ ಬಿಡಿ. ಅದರ ಒಳಗೋಡೆಯ ಮೇಲೆ ನಮ್ಮ ಡ್ರಾಯಿಂಗ್ ಮೇಷ್ಟ್ರು ಬಣ್ಣದಲ್ಲಿ ಬರೆದಿದ್ದ ಕರ್ನಾಟಕದ ನಕಾಶೆ ಇತ್ತು. ಆಮೇಲೆ ಎಷ್ಟು ಸಲ ಸುಣ್ಣ ಬಳಿದಿದ್ದಾರೋ, ನಿನ್ನೆ ಹೋಗಿ ನೋಡಿದೆ, ಕಿಟಕಿಯ ಪಕ್ಕ ಸುಣ್ಣ ಚಕ್ಕೆಯೆದ್ದ ಕಡೆ ತುಂಗಭದ್ರೆಯ ನೀಲಿ ಗೆರೆ ಒಂದು ಗೇಣು ಕಾಣುತ್ತಿದೆ. ಮಾಡು ನಿಲ್ಲುವಂತಿದೆಯೇ ಇಲ್ಲವೇ ಎಂಬುದನ್ನು ಇಂಜಿನಿಯರು ಹೇಳಲಿ. ಮಾಡು ನಿಲ್ಲದಿದ್ದರೆ ಆ ಒಂದು ಗೋಡೆಗೆ ಆಸರೆ ಕೊಟ್ಟು ಸಭಾಂಗಣದೊಳಗೇ ಸೇರಿಸಬಹುದೇ ಎಂದು ಕೇಳೋಣ. ಅದಕ್ಕಾಗುವ ಹೆಚ್ಚಿನ ಖರ್ಚಿಗೆ 1981ರ ತಂಡದವರು ಪಟ್ಟಿ ಶುರುಮಾಡಿದ್ದೇವೆ.

ಸಮಿತಿಯ ಸಭೆ ಬರುವ ಭಾನುವಾರ ಹತ್ತು ಗಂಟೆಗೆ ಇದೇ ಆವರಣದಲ್ಲಿದೆ. ಆ ನಕಾಶೆ ಕಾಣುವ ಹಳೆಯ ಗುಂಪಿನ ಫೋಟೋ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ತನ್ನಿ, ಅಲ್ಲೇ ಪ್ರತಿ ಮಾಡಿಸಿ ವಾಪಸು ಕೊಡುತ್ತೇವೆ.